ಕಡೇಚೂರಿನ ಕಟ್ಟೆ, ಯಾದಗಿರಿಯ ಕೋರ್ಟು

ಸೈದಾಪುರದಿಂದ ಕಡೇಚೂರಿನ ಹಾದಿ ಹಿಡಿದರೆ ಹತ್ತಿ, ತೊಗರಿ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಕಾಂಪೌಂಡು ಗೋಡೆಗಳು ಏಳುತ್ತವೆ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಹೋದ ಭೂಮಿ 3,000 ಎಕರೆಗೂ ಹೆಚ್ಚು. ರೈಲ್ವೆಯ ಬೋಗಿ ಕಾರ್ಖಾನೆ ಇಲ್ಲೇ ಇದೆ. ರಾಸಾಯನಿಕ ಘಟಕಗಳ ದುರ್ವಾಸನೆಯ ದೂರೂ ಹೊಸದಲ್ಲ. ಎಕರೆಯ ದರ ಏರಿದ ಮೇಲೆ ಗೇಣು ಬದುವನ್ನೂ ಯಾರೂ ಸುಮ್ಮನೆ ಬಿಡುವುದಿಲ್ಲ.

ಬದು ಒತ್ತಿದ್ದು, ದನ ನುಗ್ಗಿದ್ದು, ಕುಡಿದು ಬೈದದ್ದು, ಕೈಕೈ ಹತ್ತಿದ್ದು: ಈ ಸೀಮೆಯಲ್ಲಿ ಇವೆಲ್ಲ ಠಾಣೆಗಿಂತ ಮೊದಲು ಬರುವುದು ಹಿರಿಯರು ಕೂಡುವ ದೈವದ ಮುಂದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಗೊತ್ತಿದ್ದವರು ಕಟ್ಟೆಗೇ ಬರುತ್ತಾರೆ. ‘ತಪ್ಪಾತ್ರಿ, ಇನ್ನೊಮ್ಮೆ ಮಾಡಂಗಿಲ್ಲ’ ಎಂದು ನಾಲ್ವರೆದುರು ಹೇಳಿಸುವುದು ಸಣ್ಣ ಶಿಕ್ಷೆಯೇನಲ್ಲ. ನಾಳೆಯೂ ಅದೇ ಓಣಿಯಲ್ಲಿ ಮುಖ ನೋಡಬೇಕಲ್ಲ!

ಆದರೆ ದಂಡದ ಹಣ ಎಲ್ಲಿಗೆ ಹೋಗುತ್ತದೆ? ಎಷ್ಟೋ ಕಡೆ ಗುಡಿಯ ಹುಂಡಿಗೆ. ಪೆಟ್ಟು ತಿಂದವನಿಗೆ ಆಸ್ಪತ್ರೆಯ ಖರ್ಚೂ ಗಿಟ್ಟದು. ಕಟ್ಟೆಯ ಮೇಲೆ ಕೂರುವವರ ಜಾತಿ ಒಂದು, ಕೆಳಗೆ ನಿಲ್ಲುವವರದು ಇನ್ನೊಂದು ಆದಾಗ ರಾಜಿಯೆಂದರೆ ಬಾಯಿ ಮುಚ್ಚಿಸುವುದು. ಹೆಣ್ಣುಮಗಳ ಮಾತನ್ನು ಗಂಡನೋ ಅಣ್ಣನೋ ಆಡುತ್ತಾನೆ. ದಲಿತರ ಮೇಲಿನ ದೌರ್ಜನ್ಯದ ಪ್ರಕರಣಗಳಿಗೆ ರಾಜಿಯ ದಾರಿಯನ್ನು ಕಾನೂನು ಇಟ್ಟಿಲ್ಲ, ಇಡದಿದ್ದದ್ದೇ ಒಳ್ಳೆಯದು.

ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ದೂರದ ಊರುಗಳ ಜನ ವ್ಯಾಜ್ಯ ಹೊತ್ತು ಬರುತ್ತಾರೆ. ಅದು ನಿಂತಿರುವುದು ಸ್ವಾಮಿಗಳ ಮೇಲಿನ ಭಕ್ತಿಯ ಬಲದಿಂದ. ಎಲ್ಲ ಊರಿಗೂ ಅಂಥ ಪೀಠವನ್ನು ಎಲ್ಲಿಂದ ತರುವುದು?

ಕಡೇಚೂರಿನವರಿಗೆ ಸರ್ಕಾರದ ದಾರಿಯೆಂದರೆ ಯಾದಗಿರಿಯ ಲೋಕ ಅದಾಲತ್. ಸಣ್ಣ ಹೊಡೆದಾಟ, ಅತಿಕ್ರಮ ಪ್ರವೇಶದಂಥ ರಾಜಿಯಾಗಬಲ್ಲ ಅಪರಾಧಗಳು ಅಲ್ಲಿ ಮುಗಿಯುತ್ತವೆ. ಶುಲ್ಕವಿಲ್ಲ, ಆದ ರಾಜಿಗೆ ಮೇಲ್ಮನವಿಯೂ ಇಲ್ಲ. ಕಟ್ಟೆಯ ಮಾತಿಗಿಲ್ಲದ ಬರಹವೂ ಮೊಹರೂ ಅದಕ್ಕಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಇನ್ನೊಂದು ಹೆಜ್ಜೆ ಇಟ್ಟಿದೆ: 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದು ಸಿಕ್ಕವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆ. ಕಳೆದುಕೊಂಡವನ ಕೈಗೆ ಕಳೆದದ್ದು ಬರಬೇಕು ಎಂಬುದು ಕಡೆಗೂ ಶಿಕ್ಷೆಯ ಪಟ್ಟಿಯೊಳಗೆ ಬಂತು.

ಗ್ರಾಮ ನ್ಯಾಯಾಲಯ ಕಾಯ್ದೆ ಜಾರಿಗೆ ಬಂದದ್ದು 2009ರ ಅಕ್ಟೋಬರ್ 2ರಂದು. ಅದರ ಪ್ರಕಾರ ನ್ಯಾಯಾಧಿಕಾರಿಯೇ ಹಳ್ಳಿಗಳಿಗೆ ಬಂದು ವಿಚಾರಣೆ ನಡೆಸಬೇಕು. ಕಾರ್ಖಾನೆಗೆ ಇಷ್ಟು ನೆಲ ಕೊಟ್ಟ ಊರಿಗೆ ಅಂಥ ಒಂದು ಕುರ್ಚಿ ಹಾಕಿಸಲು ಸರ್ಕಾರ ಹಿಂದೆಮುಂದೆ ನೋಡಬಾರದು.

ಅಲ್ಲಿಯವರೆಗೆ ಇಷ್ಟು ನೆನಪಿಡಿ: ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಕರೆ ಮಾಡಬೇಕಾದ ಸಂಖ್ಯೆ 15100.