ತಪ್ಪು ಹಲ್ಲಿಗೆ ಶಿಕ್ಷೆ

‘ಹೋಲಿಸ್ಟಿಕ್’ ದಂತಚಿಕಿತ್ಸೆಯ ಪ್ರಚಾರದಲ್ಲಿ ಒಂದು ಪಟ ಆಗಾಗ ಕಣ್ಣಿಗೆ ಬೀಳುತ್ತದೆ. ಒಂದೊಂದು ಹಲ್ಲಿಗೂ ದೇಹದ ಒಂದೊಂದು ಅಂಗದ ನಂಟು: ಬಾಚಿಹಲ್ಲಿಗೆ ಮೂತ್ರಪಿಂಡ, ಕೋರೆಹಲ್ಲಿಗೆ ಯಕೃತ್ತು. ಇಂಥ ನಂಟುಗಳಿಗೆ ಕಳೆದ ಶತಮಾನದಲ್ಲಿ ಪ್ರಚಾರ ಕೊಟ್ಟವನು ಜರ್ಮನಿಯ ವೈದ್ಯ ರೈನ್‌ಹೋಲ್ಡ್ ಫೋಲ್. ದೇಹವನ್ನು ಕೊಯ್ದು ನೋಡಿದವರಿಗೆ ಹಲ್ಲನ್ನು ಹೀಗೆ ಅಂಗಕ್ಕೆ ಜೋಡಿಸುವ ಗೆರೆಗಳು ಎಲ್ಲೂ ಸಿಕ್ಕಿಲ್ಲ. ಹಾಗೆಂದು ಹಲ್ಲಿಗೂ ಉಳಿದ ದೇಹಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಸಂಬಂಧ ಗಾಢವಾಗಿಯೇ ಇದೆ, ಅದು ನರ, ಮೂಳೆ, ಸ್ನಾಯುಗಳ ದಾರಿ ಹಿಡಿದು ಹೋಗುತ್ತದೆ, ಅಷ್ಟೇ.

ಮೊದಲು ನರ. ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಐದನೆಯದಾದ ಟ್ರೈಜೆಮಿನಲ್ ಎಲ್ಲಕ್ಕಿಂತ ದಪ್ಪ. ಅದರ ಮೂರು ಕವಲುಗಳಲ್ಲಿ ಒಂದು ಕಣ್ಣು–ಹಣೆಗೆ, ಒಂದು ಮೇಲ್ದವಡೆಗೆ, ಇನ್ನೊಂದು ಕೆಳದವಡೆಗೆ. ಇವು ಹೊತ್ತು ತರುವ ನೋವಿನ ಸುದ್ದಿಯೆಲ್ಲ ಮಿದುಳುಕಾಂಡದಿಂದ ಕುತ್ತಿಗೆಯ ಮಟ್ಟದವರೆಗೆ ಇಳಿಯುವ ನರಕೋಶಗಳ ಒಂದು ಕಂಬಕ್ಕೆ ಬಂದು ಸೇರುತ್ತದೆ. ಕಿವಿಯ, ಕುತ್ತಿಗೆಯ ಕೆಲವು ಎಳೆಗಳೂ ಅಲ್ಲಿಗೇ ಬರುತ್ತವೆ. ಒಂದೇ ನರಕೋಶಕ್ಕೆ ಹಲವು ಕಡೆಯ ಸುದ್ದಿ ಬಂದರೆ ಮಿದುಳು ಜಾಗ ತಪ್ಪುವುದು ಸಹಜ. ಕೆಳದವಡೆಯ ಹಲ್ಲು ಹುಳುಕಾದವರು ಕಿವಿನೋವೆಂದು ಕಿವಿ ಡಾಕ್ಟರ ಬಳಿ ಹೋಗುವುದು ಇದರಿಂದಲೇ. ಮೇಲಿನ ಹಲ್ಲಿನ ನೋವು ಕೆಳಗಿನದ್ದೆನಿಸುವುದೂ ಉಂಟು. ಆದರೆ ಎಡಗಡೆಯದು ಬಲಕ್ಕೆ ದಾಟುವುದು ತೀರಾ ಅಪರೂಪ.

ಇನ್ನೂ ಸೋಜಿಗದ ಸಂಗತಿ ಹಲ್ಲಿನೊಳಗೇ ಇದೆ. ಹಲ್ಲಿನ ತಿರುಳಿಗೆ ನೋಯುವುದು ಗೊತ್ತು, ಎಲ್ಲಿ ಎಂದು ಹೇಳಲು ಬಾರದು. ಜಾಗ ಗುರುತಿಸುವ ಸಂವೇದಕಗಳಿರುವುದು ಬೇರಿಗೂ ದವಡೆಮೂಳೆಗೂ ನಡುವಿನ ನಾರಿನ ಪದರದಲ್ಲಿ. ಅದರ ದಪ್ಪ ಸುಮಾರು 0.2 ಮಿಲಿಮೀಟರ್. ಅನ್ನದಲ್ಲಿ ಮರಳಿನ ಒಂದು ಕಣ ಸಿಕ್ಕರೂ ಅಗಿಯುವ ಬಾಯಿ ಥಟ್ಟನೆ ನಿಲ್ಲುತ್ತದಲ್ಲ, ಅದು ಈ ಪದರದ ಕೆಲಸ. ಉರಿಯೂತ ತಿರುಳಿನಲ್ಲೇ ಇರುವಷ್ಟು ದಿನ ರೋಗಿ ಇಡೀ ಕೆನ್ನೆಯ ಮೇಲೆ ಅಂಗೈ ಇಟ್ಟು ‘ಈ ಕಡೆ ಪೂರ್ತಿ ನೋವು’ ಅನ್ನುತ್ತಾರೆ. ಉರಿಯೂತ ಬೇರಿನ ತುದಿ ದಾಟಿ ಪದರವನ್ನು ಮುಟ್ಟಿತೋ, ಒಂದೇ ಬೆರಳಿಟ್ಟು ‘ಇದೇ ಹಲ್ಲು’ ಅನ್ನುತ್ತಾರೆ. ಅಂಗೈಯೋ ಬೆರಳೋ ಎಂಬುದರಲ್ಲೇ ಡಾಕ್ಟರಿಗೆ ಅರ್ಧ ರೋಗನಿದಾನ ಸಿಗುತ್ತದೆ. ಇಂಪ್ಲಾಂಟ್ ಹಲ್ಲು ನೇರವಾಗಿ ಮೂಳೆಗೇ ಬೆಸೆದುಕೊಳ್ಳುವುದರಿಂದ ಅದಕ್ಕೆ ಈ ಪದರವಿಲ್ಲ, ಅಷ್ಟು ಸೂಕ್ಷ್ಮವೂ ಇಲ್ಲ.

ಮೇಲ್ದವಡೆಯ ಕತೆ ಬೇರೆ. ಮೇಲ್ದವಡೆಯ ಮೂಳೆಯೊಳಗಿನ ಗಾಳಿಗೂಡನ್ನು ಇಂಗ್ಲಿಷ್ ವೈದ್ಯ ನಥಾನಿಯೆಲ್ ಹೈಮೋರ್ 1651ರಲ್ಲಿ ವಿವರವಾಗಿ ಬರೆದಿಟ್ಟ. ಹಲ್ಲು ಕಿತ್ತ ಕುಳಿಯಿಂದ ಸದಾ ದ್ರವ ಒಸರುತ್ತಿದ್ದ ಮಹಿಳೆಯೊಬ್ಬಳ ಪ್ರಸಂಗವನ್ನೂ ಹೇಳಿದ. ಮೇಲಿನ ದವಡೆಹಲ್ಲುಗಳ ಬೇರು ಈ ಗೂಡಿನ ನೆಲಕ್ಕೆ ತಾಗಿದಂತೆಯೇ ಇರುತ್ತದೆ. ಆದ್ದರಿಂದ ನೆಗಡಿ ಕಟ್ಟಿಕೊಂಡಾಗ ಮೂರ್ನಾಲ್ಕು ಹಲ್ಲು ಒಟ್ಟಿಗೇ ನೋಯುತ್ತವೆ, ಬಗ್ಗಿದರೆ ನೋವು ಹೆಚ್ಚುತ್ತದೆ. ಅಲ್ಲಿ ರೂಟ್ ಕೆನಾಲ್ ಮಾಡಿದರೆ ದುಡ್ಡು ದಂಡ. ಅದೇ ದಾರಿ ತಿರುವುಮುರುವಾಗುವುದೂ ಉಂಟು. ಮೂಗಿನ ಒಂದೇ ಹೊಳ್ಳೆಯಿಂದ ನಾರುವ ಕೀವು ಬರುತ್ತಿದ್ದರೆ ಹಲ್ಲನ್ನೂ ನೋಡಿಸಬೇಕು.

ಕೆಳದವಡೆಯ ಒಳಬದಿಯಲ್ಲಿ ಬಾಯಿಯ ನೆಲವಾಗಿ ಹರಡಿದ ಒಂದು ಸ್ನಾಯು ಇದೆ, ಮೈಲೋಹಯಾಯ್ಡ್. ಎರಡನೇ, ಮೂರನೇ ದವಡೆಹಲ್ಲಿನ ಬೇರಿನ ತುದಿ ಸಾಮಾನ್ಯವಾಗಿ ಈ ಸ್ನಾಯುವಿಗಿಂತ ಕೆಳಗೆ. ಹಾಗಾಗಿ ಅಲ್ಲಿನ ಕೀವು ಬಾಯಿಗೆ ಒಡೆಯದೆ ಕತ್ತಿಗೆ ಇಳಿಯಬಹುದು. 1836ರಲ್ಲಿ ಜರ್ಮನ್ ವೈದ್ಯ ಲುಡ್ವಿಗ್ ವಿವರಿಸಿದ ಕಾಯಿಲೆ ಇದೇ: ಗಲ್ಲದಡಿ ಗಟ್ಟಿ ಬಾವು, ನಾಲಿಗೆ ಮೇಲೆದ್ದು ಉಸಿರಿಗೇ ಅಡ್ಡಿ. ಉಗುಳು ನುಂಗಲಾಗದಷ್ಟು ಬಾವು ಬಂದರೆ ಬೆಳಗಾಗುವವರೆಗೆ ಕಾಯಬಾರದು, ದೊಡ್ಡಾಸ್ಪತ್ರೆಗೆ ಓಡಬೇಕು.

ಸೋಂಕು ಹೀಗೆ ಹರಡುವುದು ನಿಜ. ಆದರೆ ಅಂಗರಚನೆ ಬಿಟ್ಟು ಬರೀ ಊಹೆಯ ಬೆನ್ನು ಹತ್ತಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಸಾಕ್ಷಿ. ಮನೋರೋಗಕ್ಕೆ ಹಲ್ಲಿನಂಥ ಕಡೆ ಅಡಗಿದ ಸೋಂಕೇ ಮೂಲವೆಂದು ನಂಬಿದ ಡಾಕ್ಟರ್ ಹೆನ್ರಿ ಕಾಟನ್, 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದ. ಹಲ್ಲು ಹೋಯಿತು, ಹುಚ್ಚು ಬಿಡಲಿಲ್ಲ.

ನೋವು ಹಲ್ಲಿನದ್ದೇ ಎಂದು ಅನುಮಾನವಿದ್ದಾಗ ಡಾಕ್ಟರು ಹಲ್ಲನ್ನು ತಟ್ಟುತ್ತಾರೆ, ತಣ್ಣನೆಯದನ್ನು ಸೋಕಿಸುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ. ಆಗಲೂ ಗೊತ್ತಾಗದಿದ್ದರೆ ಆ ಹಲ್ಲಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಹಲ್ಲು ಜೋಮು ಹಿಡಿದ ಮೇಲೂ ನೋವು ಹಾಗೆಯೇ ಇದ್ದರೆ ಅಪರಾಧಿ ಬೇರೆ ಕಡೆ ಇದ್ದಾನೆ: ಅಗಿಯುವ ಸ್ನಾಯು, ಕಿವಿಯ ಮುಂದಿನ ದವಡೆಕೀಲು, ಕೆಲವೊಮ್ಮೆ ಹೃದಯ. ಮೆಟ್ಟಿಲು ಹತ್ತುವಾಗ ಕೆಳದವಡೆಯಲ್ಲಿ ಹಿಡಿದುಕೊಂಡು, ನಿಂತರೆ ಬಿಡುವ ನೋವಿಗೆ ಬೇಕಿರುವುದು ಇಸಿಜಿ. ಕೂತಲ್ಲೇ ಅಂಥ ನೋವು ಬಂದು ಬೆವರು, ಉಸಿರುಕಟ್ಟುವಿಕೆ ಜೊತೆಗೂಡಿದರೆ 108ಕ್ಕೆ ಫೋನು ಮಾಡಬೇಕು.