ಮೂರು ಫಲಕಗಳ ನಿಸರ್ಗಚಿತ್ರ: ಅಳತೆ, ಅಂತರ ಮತ್ತು ಅಸಲು

ದೇವರ ಪಟ, ಹಿರಿಯರ ಭಾವಚಿತ್ರ, ಸನ್ಮಾನಪತ್ರ ಇವು ನಮ್ಮ ಭಾಗದ ಫ್ರೇಮು ಅಂಗಡಿಗಳ ನಿತ್ಯದ ಕೆಲಸ. ಒಂದೇ ನಿಸರ್ಗದೃಶ್ಯವನ್ನು ಮೂರು ಫಲಕಗಳಾಗಿ ವಿಭಜಿಸಿ ಗೋಡೆಗೆ ಹೊಂದಿಸುವ ಅಲಂಕಾರವನ್ನೂ ಹೋಟೆಲು, ಕಚೇರಿ, ದವಾಖಾನೆಗಳಿಗೆ ಒದಗಿಸಬಹುದು. ಆದರೆ ಲೆಕ್ಕ ತಪ್ಪಿದರೆ ಈ ಕೆಲಸ ಲಾಭಕ್ಕೆ ಬದಲು ನಷ್ಟ ತರುತ್ತದೆ.

ದೃಶ್ಯದ ಆಯ್ಕೆ

ಅಡ್ಡಲಾಗಿ ಹರಡಿದ ದೃಶ್ಯ ಇದಕ್ಕೆ ಸೂಕ್ತ. ರೋಣ ತಾಲ್ಲೂಕಿನ ಮೆಣಸಗಿ ಭಾಗದ ಮಲಪ್ರಭೆಯ ದಂಡೆ, ಎರೆಹೊಲಗಳ ಬಯಲು, ಗಜೇಂದ್ರಗಡದ ಗುಡ್ಡಸಾಲು, ನೆರೆಯ ಬಾದಾಮಿಯ ಕೆಂಗಲ್ಲಿನ ಬೆಟ್ಟ ಎಲ್ಲವೂ ಒಪ್ಪುತ್ತವೆ. ಗಾಳಿಯಂತ್ರದ ಕಂಬ, ಗುಡಿಯ ಶಿಖರದಂತಹ ಮುಖ್ಯ ವಸ್ತು ಫಲಕದೊಳಗೇ ಬರಬೇಕು, ಸಂದಿಗೆ ಬೀಳಬಾರದು.

ಅಂತರವೂ ಚಿತ್ರವೇ

ಮೂರಂಕಣದ ಪಡಸಾಲೆಯಲ್ಲಿ ಕುಳಿತು ಹೊರಗೆ ನೋಡಿದಾಗ, ಕಂಬ ಮರೆಮಾಡಿದ ಭಾಗವನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಇಲ್ಲಿಯೂ ಅಷ್ಟೆ. ಸಂದಿಯ ಅಗಲದಷ್ಟು ಚಿತ್ರವನ್ನು ಬಿಟ್ಟು ಕತ್ತರಿಸಬೇಕು. ಹಾಗೆ ಮಾಡದಿದ್ದರೆ ಓರೆಯಾಗಿ ಸಾಗುವ ನದಿಯ ದಂಡೆ, ಗುಡ್ಡದ ಇಳಿಜಾರು ಪ್ರತಿ ಫಲಕದಲ್ಲೂ ಜಿಗಿದಂತೆ ಕಾಣುತ್ತವೆ.

16 ಇಂಚು ಅಗಲ, 24 ಇಂಚು ಎತ್ತರದ ಮೂರು ಫಲಕಗಳನ್ನು ಒಂದೂವರೆ ಇಂಚಿನ ಅಂತರದಲ್ಲಿ ತೂಗುಹಾಕಿದರೆ ಒಟ್ಟು ಅಗಲ 51 ಇಂಚು. 6000 × 4000 ಬಿಂದುಗಳ, ಅಂದರೆ 24 ಮೆಗಾಪಿಕ್ಸೆಲ್ ಚಿತ್ರದಿಂದ ಇಂಚಿಗೆ ಸುಮಾರು 117 ಬಿಂದುಗಳು ದೊರೆಯುತ್ತವೆ. ಆರೆಂಟು ಅಡಿ ದೂರದಿಂದ ನೋಡಲು ಇಷ್ಟು ಸಾಕು. ಈ ಅಗಲಕ್ಕೆ ಹಿಗ್ಗಿಸಿದ ಪೂರ್ಣ ಚಿತ್ರದ ಎತ್ತರ 34 ಇಂಚಾಗುವುದರಿಂದ 10 ಇಂಚಿನಷ್ಟು ಆಕಾಶವನ್ನೋ ನೆಲವನ್ನೋ ಕತ್ತರಿಸಬೇಕಾಗುತ್ತದೆ. ಇದನ್ನು ಗ್ರಾಹಕರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯುವುದು ಒಳಿತು.

ಅಸಲಿನ ಲೆಕ್ಕ

ಹಲವರು ಎಡವುವುದು ಇಲ್ಲಿ. 51 × 24 ಇಂಚಿನ ಒಂದೇ ಚಿತ್ರದ ವಿಸ್ತೀರ್ಣ ಎಂಟೂವರೆ ಚದರಡಿ. ಮೂರು ಫಲಕಗಳದ್ದು ಎಂಟೇ ಚದರಡಿ. ಕಾಣುವ ವಿಸ್ತೀರ್ಣಕ್ಕೆ ಚದರಡಿ ದರ ಹಾಕಿದರೆ ಮೂರು ಫಲಕಗಳಿಗೆ ಕಡಿಮೆ ಹಣ ಬರುತ್ತದೆ. ಖರ್ಚು ಮಾತ್ರ ಹೆಚ್ಚು. ಚೌಕಟ್ಟಿನ ಮರದ ಪಟ್ಟಿ ಒಂದೇ ಚಿತ್ರಕ್ಕೆ ಹನ್ನೆರಡೂವರೆ ಅಡಿ ಸಾಕಾದರೆ, ಮೂರಕ್ಕೆ 20 ಅಡಿ ಬೇಕು. ಇದು ಶೇ. 60ರಷ್ಟು ಅಧಿಕ. ಮೂಲೆಯ ಜೋಡಣೆ ನಾಲ್ಕರಿಂದ ಹನ್ನೆರಡಕ್ಕೆ ಏರುತ್ತದೆ. ಪ್ರತಿ ಬದಿಗೆ ಒಂದೂವರೆ ಇಂಚು ಮಡಿಕೆ ಬಿಟ್ಟರೆ ಕ್ಯಾನ್ವಾಸ್ ಸುಮಾರು 10.7 ಚದರಡಿ ತಗಲುತ್ತದೆ. ಆದುದರಿಂದ ಮುದ್ರಣ, ಮರ, ಮಜೂರಿಗಳನ್ನು ಪ್ರತ್ಯೇಕವಾಗಿ ಎಣಿಸಿಯೇ ದರ ಹೇಳಬೇಕು.

ಎಚ್ಚರಿಕೆಗಳು

ಮೂರು ಫಲಕಗಳನ್ನೂ ಒಂದೇ ಸುರುಳಿಯಲ್ಲಿ, ಒಂದೇ ಸಲ ಮುದ್ರಿಸಬೇಕು. ಒಂದು ಕೆಟ್ಟು ಮರುದಿನ ಮುದ್ರಿಸಿದರೆ ಬಣ್ಣ ಕೂಡದೆ ಮೂರೂ ವ್ಯರ್ಥವಾಗುವ ಸಂಭವವಿದೆ. ಮರ ಚೆನ್ನಾಗಿ ಒಣಗಿರಬೇಕು. ಒಂದು ಚೌಕಟ್ಟು ಬಾಗಿದರೂ ಸಾಲು ತಪ್ಪುತ್ತದೆ.

ಅಂತರಜಾಲದಲ್ಲಿ ಸಿಕ್ಕ ಚಿತ್ರವನ್ನು ಮುದ್ರಿಸಿ ಮಾರುವುದು ಅಪಾಯಕರ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವರದು. ಹಣ ಕೊಟ್ಟು ತೆಗೆಸಿದಲ್ಲಿ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು. ಸ್ಥಳೀಯ ಛಾಯಾಗ್ರಾಹಕರಿಂದ ಲಿಖಿತ ಒಪ್ಪಿಗೆ ಪಡೆದು ನಮ್ಮ ನೆಲದ ದೃಶ್ಯಗಳನ್ನೇ ಬಳಸಿದರೆ ತಕರಾರಿಗೆ ಎಡೆಯಿರದು. ಮುದ್ರಣಕ್ಕೆ ಹೆಸರಾದ ಗದಗವೂ ಸಮೀಪದಲ್ಲಿಯೇ ಇದೆ.