ಗ್ರಹಗಳ ಅರಿವು, ಗ್ರಹಗಳ ಅಂಜಿಕೆ

ನಮ್ಮ ಮನೆಗಳಲ್ಲಿ ಗ್ರಹವೆಂಬ ಶಬ್ದವು ಹೆಚ್ಚಾಗಿ ಕೇಳಿಬರುವುದು ಮಕ್ಕಳ ಮದುವೆಯ ಮಾತುಕತೆಯ ವೇಳೆಯಲ್ಲಿ. ಮಗಳಿಗೆ ಗುರುಬಲ ಕೂಡಿಬಂದಿಲ್ಲವೆಂದು ಒಪ್ಪಿಗೆಯಾದ ಸಂಬಂಧವನ್ನೂ ಮುಂದೂಡುವವರುಂಟು. ಶನಿಕಾಟವೆಂದು ಕೈಹಿಡಿದ ಕೆಲಸವನ್ನೇ ನಿಲ್ಲಿಸುವವರುಂಟು. ಇಷ್ಟಲಿಂಗವನ್ನು ಧರಿಸಿಯೂ ಗ್ರಹಗಳಿಗೆ ಅಂಜುವ ನಾವು, ಆ ಗ್ರಹಗಳೆಂದರೆ ಏನೆಂಬುದನ್ನು ಅರಿಯಲು ಎಷ್ಟು ಪ್ರಯತ್ನಿಸಿದ್ದೇವೆ?

ಗುರುವೂ ಶನಿಯೂ ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂಗಳಿಂದಾದ ದೈತ್ಯ ಗೋಲಗಳು. ಕಾಲೂರಲು ಅಲ್ಲಿ ಗಟ್ಟಿಯಾದ ನೆಲವಿಲ್ಲ. ಗುರುವಿನ ವ್ಯಾಸವು ಭೂಮಿಯ ವ್ಯಾಸದ ಸುಮಾರು 11 ಪಟ್ಟು. ನಮಗೆ ಅತಿ ಸಮೀಪ ಬಂದಾಗಲೂ ಅದು 58 ಕೋಟಿ ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುತ್ತದೆ. ಇಂತಹ ದೈತ್ಯರು ನಮ್ಮ ಸೂರ್ಯನ ಸುತ್ತ ಮಾತ್ರ ಇಲ್ಲ. 1995ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳಾದ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರು, ಸೂರ್ಯನಂತಹ ಮತ್ತೊಂದು ನಕ್ಷತ್ರವನ್ನು ಸುತ್ತುವ ದೈತ್ಯ ಗ್ರಹವೊಂದನ್ನು ಕಂಡುಹಿಡಿದರು. ಈ ಶೋಧಕ್ಕಾಗಿ 2019ರಲ್ಲಿ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಸೌರವ್ಯೂಹದಾಚೆ ಹೀಗೆ ಗುರುತಿಸಲಾದ ಹಿರಿಕಿರಿಯ ಗ್ರಹಗಳ ಸಂಖ್ಯೆ 2025ರಲ್ಲಿ ಆರು ಸಾವಿರವನ್ನು ದಾಟಿತು.

ಅಷ್ಟು ದೂರದ ಗ್ರಹದ ವಾಯುಮಂಡಲವನ್ನು ಪರೀಕ್ಷಿಸುವುದೆಂತು? ದೀಪದ ಮುಂದೆ ಹಾಯುವ ಪತಂಗವನ್ನು ನೆನೆಯೋಣ. ಅದರ ಒಡಲು ಬೆಳಕನ್ನು ತಡೆಯುತ್ತದೆ. ತೆಳುವಾದ ರೆಕ್ಕೆಯೊಳಗಿಂದ ಮಾತ್ರ ಬೆಳಕು ತುಸು ಬಣ್ಣಗೆಟ್ಟು ಹಾದುಬರುತ್ತದೆ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾಯುವಾಗಲೂ ಹೀಗೆಯೇ. ಅದರ ಅಂಚಿನ ವಾಯುವಿನೊಳಗಿಂದ ನುಸುಳಿ ಬರುವ ಬೆಳಕಿನಲ್ಲಿ ಕೆಲವು ಬಣ್ಣಗಳು ಕುಂದಿರುತ್ತವೆ. ಒಂದೊಂದು ಅನಿಲವು ತನಗೆ ತಕ್ಕ ಬಣ್ಣಗಳನ್ನಷ್ಟೇ ಹೀರುವುದರಿಂದ, ಕುಂದಿದ ಬಣ್ಣವೇ ಅನಿಲದ ಗುರುತನ್ನು ಹೇಳುತ್ತದೆ. ಭೂಮಿಯ ಗಾಳಿಯಲ್ಲಿಯೂ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಇದ್ದು ಆ ಬೆಳಕನ್ನು ಕಲಕುವುದರಿಂದ, ದೂರದರ್ಶಕವನ್ನು ಬಾಹ್ಯಾಕಾಶದಲ್ಲಿ ಇರಿಸುವುದು ಹೆಚ್ಚು ಅನುಕೂಲ.

ಈ ವಿಧಾನದಿಂದ 2001ರಲ್ಲಿ ಹಬಲ್ ದೂರದರ್ಶಕವು ಎಚ್.ಡಿ. 209458 ಬಿ ಎಂಬ ಗ್ರಹದ ವಾಯುಮಂಡಲದಲ್ಲಿ ಸೋಡಿಯಂ ಇರುವುದನ್ನು ತೋರಿಸಿತು. ನಾವು ದಿನವೂ ಉಣ್ಣುವ ಉಪ್ಪಿನಲ್ಲಿರುವ ಸೋಡಿಯಮ್ಮೇ ಅದು!

2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ದೂರದರ್ಶಕವು ಗಗನಕ್ಕೇರಿತು. ಬಂಗಾರದ ಲೇಪವುಳ್ಳ 18 ತುಂಡುಗಳಿಂದ ಕೂಡಿದ ಅದರ ಕನ್ನಡಿಯ ಅಗಲ ಆರೂವರೆ ಮೀಟರ್. ಅದರ ನೆಲೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರ. 2022ರ ಜುಲೈನಲ್ಲಿ ಅದು ವಾಸ್ಪ್-39 ಬಿ ಎಂಬ ಗ್ರಹದತ್ತ ನೋಟ ಹರಿಸಿತು. ಈ ಗ್ರಹದ ತೂಕ ನಮ್ಮ ಶನಿಯಷ್ಟು, ಗಾತ್ರ ಗುರುವಿಗಿಂತ ದೊಡ್ಡದು, ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 700 ವರ್ಷ ಬೇಕು. ವಿಜಯನಗರವು ಸ್ಥಾಪನೆಯಾದ ಆಸುಪಾಸಿನಲ್ಲಿ ಹೊರಟ ಬೆಳಕು ಈಗ ಬಂದು ಕನ್ನಡಿಯನ್ನು ಮುಟ್ಟಿದೆ.

ಈ ಗ್ರಹದಲ್ಲಿ ಇಂಗಾಲದ ಡೈಆಕ್ಸೈಡ್ ಇರಬಹುದೆಂಬ ಸುಳಿವನ್ನು ಸ್ಪಿಟ್ಜರ್ ಎಂಬ ಹಿಂದಿನ ದೂರದರ್ಶಕವೇ ನೀಡಿತ್ತು. ಆದರೆ ಸುಳಿವನ್ನೇ ಸಿದ್ಧಾಂತವೆಂದು ವಿಜ್ಞಾನಿಗಳು ಸಾರಲಿಲ್ಲ. ವೆಬ್ ಸ್ಪಷ್ಟವಾದ ಪುರಾವೆಯನ್ನು ತಂದ ಮೇಲೆ, 2022ರ ಆಗಸ್ಟಿನಲ್ಲಿ ಅದನ್ನು ದೃಢವಾಗಿ ಹೇಳಿದರು. ಅದೇ ವರ್ಷದ ನವೆಂಬರಿನಲ್ಲಿ ಗಂಧಕದ ಡೈಆಕ್ಸೈಡ್ ಇರುವುದೂ ಪ್ರಕಟವಾಯಿತು. ನಕ್ಷತ್ರದ ಬೆಳಕೇ ಅಲ್ಲಿನ ಅನಿಲಗಳನ್ನು ಒಡೆದು ಹೊಸದೊಂದು ಅನಿಲವನ್ನು ಕಟ್ಟುತ್ತಿದೆ. ಸೌರವ್ಯೂಹದಾಚೆಯ ಗ್ರಹವೊಂದರಲ್ಲಿ ಇಂತಹ ಕ್ರಿಯೆಗೆ ಸಾಕ್ಷ್ಯ ದೊರೆತದ್ದು ಅದೇ ಮೊದಲು.

ಇವೆಲ್ಲವೂ ನಮ್ಮ ವಚನಗಳಲ್ಲಿ ಮೊದಲೇ ಅಡಗಿದ್ದವೆಂದು ಹೆಮ್ಮೆಪಡುವುದು ಸಲ್ಲದು. ಶರಣರು ಖಗೋಳಶಾಸ್ತ್ರವನ್ನು ಬರೆಯಲಿಲ್ಲ. ಆ ಹೊಗಳಿಕೆಯ ಅಗತ್ಯವೂ ಅವರಿಗಿಲ್ಲ. ತಿಥಿ, ವಾರ, ನಕ್ಷತ್ರ, ಶಕುನಗಳ ಭಯದಿಂದ ಸಾಮಾನ್ಯ ಜನರನ್ನು ಬಿಡಿಸಿದ್ದು ಅವರು ಮಾಡಿದ ದೊಡ್ಡ ಕಾರ್ಯ. ಅರಿವನ್ನು ಅವರು ಗುರುವಿನ ಸ್ಥಾನದಲ್ಲಿ ಕೂರಿಸಿದರು. ಆ ಪರಂಪರೆಯ ಮಕ್ಕಳಾದ ನಾವು, ಅನಿಲದ ಗೋಲವೊಂದರ ಚಲನೆಯನ್ನು ನೋಡಿ ಹೆಣ್ಣುಮಗಳ ಬಾಳನ್ನು ತಡೆಹಿಡಿಯುವುದು ಯಾವ ಆಚಾರ?

ಆಕಾಶದಲ್ಲಿ ಆರು ಸಾವಿರ ಗ್ರಹಗಳಿರುವಾಗ ಪಂಚಾಂಗದಲ್ಲಿ ಒಂಬತ್ತೇ ಏಕೆಂದು ಮಕ್ಕಳು ನಾಳೆ ಕೇಳಿದರೆ, ಗದರಿಸಿ ಸುಮ್ಮನಾಗಿಸದಿರೋಣ. ಇರುಳಿನಲ್ಲಿ ಅವರನ್ನು ಅಂಗಳಕ್ಕೆ ಕರೆದೊಯ್ದು ಗುರುಗ್ರಹವನ್ನು ತೋರಿಸೋಣ. ಗ್ರಹವನ್ನು ಕಂಡು ಅಂಜದೆ, ಅಚ್ಚರಿಪಟ್ಟು ಪ್ರಶ್ನಿಸುವ ಮಗು ಶರಣರ ಹಾದಿಯಲ್ಲಿಯೇ ಇದೆಯೆಂದು ನಾವು ನಂಬುತ್ತೇವೆ.